ಎರಡನೆಯ ಸಹಿ

ಕ್ಯಾನ್ಸರ್ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಹಗಲು ಹೊತ್ತು ಮಾತ್ರ ನಡೆಯುವ ವಾರ್ಡು ಅದು. ಇಪ್ಪತ್ತೆರಡು ಒರಗುಕುರ್ಚಿಗಳು, ಒಂದೊಂದರ ಪಕ್ಕಕ್ಕೂ ಡ್ರಿಪ್ ನೇತುಹಾಕುವ ಕಂಬ. ರೋಗಿಗಳು ಬೆಳಗ್ಗೆ ಬಂದು ಕುಳಿತು, ನರಕ್ಕೆ ಔಷಧ ಏರಿಸಿಕೊಂಡು, ಸಂಜೆ ಮನೆಗೆ ಹೋಗುವರು. ಮೂರು ವಾರ ಬಿಟ್ಟು ಮತ್ತೆ ಬರುವರು. ಅಲ್ಲಿಯ ಹಿರಿಯ ನರ್ಸನ್ನು ಡಾಕ್ಟರರಿಂದ ಹಿಡಿದು ನೆಲ ಒರೆಸುವವಳ ತನಕ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಒಂದೇ ವಾರ್ಡಿನಲ್ಲಿ ಸವೆದ ಹೆಂಗಸು.

ಔಷಧ ಹೋಗಿ ಹೋಗಿ ರೋಗಿಗಳ ಕೈಯ ನರಗಳು ಹೆದರಿ ಒಳಗೆ ಅಡಗಿಕೊಂಡಿರುತ್ತವೆ. ಬೇರೆಯವರು ಮೂರು ಕಡೆ ಚುಚ್ಚಿ ಸೋತ ಕೈಯನ್ನು ದೊಡ್ಡಕ್ಕ ಬಿಸಿನೀರಿನ ಬಟ್ಟೆಯಲ್ಲಿ ಸುತ್ತಿಟ್ಟು, ಆಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ, ಒಂದೇ ಏಟಿಗೆ ಸೂಜಿ ಕೂರಿಸುತ್ತಿದ್ದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಒಬ್ಬ ಮುದುಕಿಯಂತೂ, ನಮ್ಮಪ್ಪ ನನಗೆ ಗಂಡು ಹುಡುಕುವಾಗ ನೀನಿದ್ದಿದ್ದರೆ ನನ್ನ ಬಾಳು ಹೀಗಾಗುತ್ತಿರಲಿಲ್ಲ ಎಂದು ಹೇಳಿ ಇಡೀ ಸಾಲನ್ನು ನಗಿಸಿದ್ದಳು.

ಆ ವಾರ್ಡಿನಲ್ಲಿ ಯಾರೂ ಸಾಯುತ್ತಿರಲಿಲ್ಲ. ಸಾಯುತ್ತಿದ್ದುದು ಮನೆಯಲ್ಲೋ ಮೇಲಿನ ಮಹಡಿಗಳಲ್ಲೋ. ಇಲ್ಲಿಗೆ ಬರುತ್ತಿದ್ದುದು ಒಂದು ಫೋನು ಮಾತ್ರ: ಗುರುವಾರದ ಹತ್ತು ಗಂಟೆ ರದ್ದು ಮಾಡಿ, ಇನ್ನು ಬರುವುದಿಲ್ಲ. ಎರಡು ವರ್ಷ ಕೈ ಹಿಡಿದು ಸೂಜಿ ಹಾಕಿದವರು, ಮಗಳ ಮದುವೆಯ ಫೋಟೋ ತೋರಿಸಿದವರು, ಪಟ್ಟಿಯ ಮೇಲೆ ಒಂದು ಅಡ್ಡಗೆರೆಯಾಗಿ ಮುಗಿದುಹೋಗುತ್ತಿದ್ದರು. ಫೋನು ಎತ್ತಿದವಳು ಪೆನ್ನು ಕೆಳಗಿಟ್ಟು, ವಾರ್ಡಿನ ಮೂಲೆಯ ಬಟ್ಟೆ ಕೋಣೆಗೆ ಹೋಗುತ್ತಿದ್ದಳು. ಒಗೆದು ಮಡಿಸಿದ ಹಾಸುವಸ್ತ್ರಗಳು ಸೂರಿನ ತನಕ ಪೇರಿಸಿಟ್ಟ ಕಿಷ್ಕಿಂಧೆಯಂಥ ಕೋಣೆ, ಕೂರಲು ಬೋರಲು ಹಾಕಿದ ಒಂದು ಬಕೆಟ್ಟು. ಹತ್ತು ನಿಮಿಷ ಅವಳ ಕುರ್ಚಿಗಳನ್ನು ಇನ್ನೊಬ್ಬಳು ನೋಡಿಕೊಳ್ಳುವಳು. ಡಾಕ್ಟರರು ಎಲ್ಲಿ ಅವಳು ಎಂದರೆ, ಬಟ್ಟೆ ಎಣಿಸೋಕೆ ಹೋಗಿದಾಳೆ ಎನ್ನುವರು. ಡಾಕ್ಟರರಿಗೂ ಅದರ ಅರ್ಥ ಗೊತ್ತಿತ್ತು, ಅವರು ಮತ್ತೆ ಕೇಳುತ್ತಿರಲಿಲ್ಲ. ಕೆಲವೊಮ್ಮೆ ಇಬ್ಬರು ಒಟ್ಟಿಗೆ ಹೋಗಿ ಅಳುವುದರ ಬದಲು ಹೊರಗೆ ಹೇಳಲಾಗದಂಥ ಜೋಕು ಹೇಳಿಕೊಂಡು ಬಾಯಿಗೆ ಬಟ್ಟೆ ತುರುಕಿಕೊಂಡು ನಗುವುದೂ ಇತ್ತು. ಮುಖ ತೊಳೆದು ಹೊರಗೆ ಬಂದರೆ ಮತ್ತೆ ಕೆಲಸ. ಇದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ.

ಗುಬ್ಬಿ ಎಂಬ ಎಳೆಯ ನರ್ಸು ಬಂದದ್ದು ಮೂರು ವರ್ಷದ ಹಿಂದೆ, ವರ್ಷವರ್ಷಕ್ಕೆ ನವೀಕರಿಸುವ ಗುತ್ತಿಗೆಯ ಮೇಲೆ. ಪುಟ್ಟ ಆಕೃತಿ, ಕುಪ್ಪಳಿಸಿದಂಥ ನಡಿಗೆ. ಆ ಹೆಸರಿಟ್ಟದ್ದು ಏಳನೆಯ ಕುರ್ಚಿಯ ಡ್ರಾಯಿಂಗ್ ಮೇಷ್ಟರು. ಅವರು ಹೋದ ಸುದ್ದಿಯ ಫೋನು ಎತ್ತಿದವಳೂ ಅವಳೇ. ಅವತ್ತು ಅವಳು ಬಟ್ಟೆ ಕೋಣೆಯಲ್ಲಿ ಹತ್ತಲ್ಲ, ಇಪ್ಪತ್ತು ನಿಮಿಷ ಕೂತಳು. ದೊಡ್ಡಕ್ಕ ಗಡಿಯಾರದ ಕಡೆ ತಿರುಗಿಯೂ ನೋಡಲಿಲ್ಲ.

ಆ ವರ್ಷದ ಕೊನೆಯಲ್ಲಿ ಮೇಲಿನ ಮಹಡಿಯ ಒಬ್ಬ ನರ್ಸು ಡ್ಯೂಟಿಗೆಂದು ಬಂದವಳು ಆಸ್ಪತ್ರೆಯ ಮುಂದಿನ ಮೆಟ್ಟಿಲು ಹತ್ತಲಾಗದೆ ಅಲ್ಲೇ ಕುಳಿತುಬಿಟ್ಟಳು. ಕಾವಲಿನವನು ಎಬ್ಬಿಸಿದರೂ ಏಳಲಿಲ್ಲ. ಗಂಡ ಬಂದು ಕರೆದುಕೊಂಡು ಹೋದ. ಮತ್ತೆ ಅವಳು ಬರಲೇ ಇಲ್ಲ. ಅದು ಹೇಗೋ ಪತ್ರಿಕೆಗೆ ಹೋಯಿತು. ಆಡಳಿತಾಧಿಕಾರಿ ಎಚ್ಚೆತ್ತುಕೊಂಡರು. ತಿಂಗಳೊಳಗೆ ‘ಮನೋಬಲ’ ಎಂಬ ಯೋಜನೆ ಶುರುವಾಯಿತು. ಸಿಬ್ಬಂದಿಯ ಮನಸ್ಸಿನ ನೆಮ್ಮದಿಗೆ ಒಬ್ಬ ಸಲಹೆಗಾರ್ತಿ ವಾರಕ್ಕೆರಡು ದಿನ ಬರತೊಡಗಿದಳು. ತಿಂಗಳಿಗೊಮ್ಮೆ ಪ್ರಶ್ನೆಪತ್ರಿಕೆ: ನಿಮಗೆ ನಿದ್ದೆ ಬರುತ್ತದೆಯೇ, ಕೆಲಸದಲ್ಲಿ ಅರ್ಥವಿದೆ ಅನಿಸುತ್ತದೆಯೇ, ಒಂದರಿಂದ ಐದರೊಳಗೆ ಗುರುತು ಹಾಕಿ. ವಿಶ್ರಾಂತಿಗೆ ಒಂದು ಕೋಣೆ ಬೇಕಿತ್ತು. ಎರಡನೆಯ ಮಹಡಿಯಲ್ಲಿ ಖಾಲಿ ಮಾಡಬಹುದಾಗಿದ್ದುದು ಬಟ್ಟೆ ಕೋಣೆ ಒಂದೇ.

ಹಾಸುವಸ್ತ್ರಗಳು ಓಣಿಯ ಬೀರುವಿಗೆ ಹೋದವು. ಗೋಡೆಗೆ ತಿಳಿಹಸಿರು ಬಣ್ಣ, ಎರಡು ಮೆತ್ತನೆ ಕುರ್ಚಿ, ಪ್ಲಾಸ್ಟಿಕ್ ಗಿಡ, ಜಲಪಾತದ ಚಿತ್ರ. ಬೀಗದ ಕೈ ಕೆಳಗಿನ ಆಫೀಸಿನಲ್ಲಿ. ಬೇಕಾದವರು ಒಂದು ಮಹಡಿ ಇಳಿದು, ಪುಸ್ತಕದಲ್ಲಿ ಹೆಸರು, ಸಮಯ, ಕಾರಣ ಬರೆದು, ಸಹಿ ಹಾಕಿ ತರಬೇಕು. ‘ಕಾರಣ’ ಎಂಬ ಅಂಕಣದಲ್ಲಿ ಗುಬ್ಬಿ ಮೊದಲ ದಿನ ‘ಅಳು’ ಎಂದು ಬರೆದು ಗುಮಾಸ್ತನನ್ನು ತಬ್ಬಿಬ್ಬು ಮಾಡಿದ್ದಳು. ಆಮೇಲೆ ಯಾರೂ ಬೀಗದ ಕೈಗೆ ಹೋಗಲಿಲ್ಲ. ಅಳಬೇಕೆನಿಸಿದವರು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳತೊಡಗಿದರು.

ದೊಡ್ಡಕ್ಕನಿಗೆ ಕೋಣೆ ಹೋದದ್ದು ಸಂಕಟವಾದರೂ ಯೋಜನೆಯ ಮೇಲೆ ಸಿಟ್ಟಿರಲಿಲ್ಲ. ಅದಕ್ಕೆ ಅವಳದೇ ಕಾರಣವಿತ್ತು. ಹಿಂದಿನ ವರ್ಷ ಅವಳ ಸ್ವಂತ ಅಣ್ಣ ತೀರಿಕೊಂಡಾಗ, ಎಲ್ಲರೂ ಸುತ್ತ ಕೂತು ಅಳುತ್ತಿರುವಾಗ, ಅವಳ ಕಣ್ಣು ಅಣ್ಣನ ಮುಂಗೈ ಮೇಲೆ ನಿಂತಿತ್ತು. ಒಳ್ಳೆ ನರ, ಒಂದೇ ಸಲಕ್ಕೆ ಸಿಗುತ್ತಿತ್ತು ಎಂದು ಮನಸ್ಸು ತನ್ನಷ್ಟಕ್ಕೆ ಹೇಳಿತು. ಕಣ್ಣೀರು ಒಂದು ಹನಿಯೂ ಬರಲಿಲ್ಲ. ಅತ್ತಿಗೆ ಅವಳ ಧೈರ್ಯವನ್ನು ಹೊಗಳಿದಳು. ದೊಡ್ಡಕ್ಕನಿಗೆ ತನ್ನ ಬಗ್ಗೆಯೇ ದಿಗಿಲು ಹುಟ್ಟಿತು. ಗಂಡನಿಗೂ ಹೇಳದೆ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಆ ಮಾತನ್ನು ಅವಳು ಸಲಹೆಗಾರ್ತಿಯ ಮುಂದೆ ಹೇಳಿದಳು. ಆಕೆ ನಡುವೆ ಬಾಯಿ ಹಾಕದೆ ಕೇಳಿದಳು, ನೀವು ಕಲ್ಲಾಗಿಲ್ಲ, ಸುಸ್ತಾಗಿದ್ದೀರಿ ಎಂದಳು. ದೊಡ್ಡಕ್ಕ ಹೊರಗೆ ಬರುವಾಗ ಎದೆ ಹಗುರಾಗಿತ್ತು. ಅಂದಿನಿಂದ ಅವಳು ಎಲ್ಲರಿಗೂ ಹೇಳತೊಡಗಿದಳು: ಹೋಗಿ, ಮಾತಾಡಿ, ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ. ಆಡಳಿತಾಧಿಕಾರಿ ಅವಳನ್ನು ಯೋಜನೆಯ ಪ್ರತಿನಿಧಿ ಮಾಡಿ ಎದೆಗೊಂದು ಹಸಿರು ಬಿಲ್ಲೆ ಕೊಟ್ಟರು. ಅವಳು ಹಾಕಿಕೊಂಡಳು.

ಔಷಧದ ಚೀಲ ಕಂಬಕ್ಕೆ ಏರುವ ಮೊದಲು ಒಂದು ನಿಯಮವಿದೆ. ಇಬ್ಬರು ನರ್ಸುಗಳು ರೋಗಿಯ ಪಕ್ಕ ನಿಂತು ಹೆಸರು, ನಂಬರು, ಔಷಧ, ಪ್ರಮಾಣ ಎಲ್ಲ ಗಟ್ಟಿಯಾಗಿ ಓದಿ, ಇಬ್ಬರೂ ಸಹಿ ಹಾಕಬೇಕು. ಬಿಟ್ಟು ಹೋದವರ ಜಾಗಕ್ಕೆ ಯಾರೂ ಬಾರದೆ, ಆರು ಜನ ಮಾಡುತ್ತಿದ್ದ ಕೆಲಸ ಮೂವರ ತಲೆಗೆ ಬಿದ್ದ ಮೇಲೆ ಆ ಎರಡನೆಯ ಸಹಿ ಹೆಸರಿಗಷ್ಟೇ ಉಳಿಯಿತು. ಒಬ್ಬಳೇ ಓದುವಳು, ಒಬ್ಬಳೇ ಏರಿಸುವಳು. ಸಂಜೆ ದೊಡ್ಡಕ್ಕ ಹಾಳೆಗಳನ್ನೆಲ್ಲ ಮುಂದೆ ಹರಡಿಕೊಂಡು ಎರಡನೆಯ ಅಂಕಣದಲ್ಲಿ ಸರಸರನೆ ತನ್ನ ಹೆಸರು ಎಳೆಯುವಳು. ಜನ ಕೊಡಿ ಎಂದು ಅವಳು ಮೂರು ಪತ್ರ ಬರೆದಿದ್ದಳು. ಮೂರಕ್ಕೂ, ಪರಿಶೀಲಿಸಲಾಗುವುದು ಎಂಬ ಉತ್ತರ ಬಂದಿತ್ತು.

ಒಂದು ಮಧ್ಯಾಹ್ನ ಮೂರನೆಯ ಕುರ್ಚಿಯ ರೋಗಿಗೆ ಔಷಧ ಒಗ್ಗದೆ ಮೈಯೆಲ್ಲ ಕೆಂಪಾಗಿ ಉಸಿರು ಕಟ್ಟಿತು. ದೊಡ್ಡಕ್ಕ ಮತ್ತು ಇನ್ನೊಬ್ಬಳು ಅಲ್ಲಿಗೆ ಓಡಿದರು. ಅಂದು ಬಂದಿದ್ದ ಉಳಿದ ಹದಿನೇಳು ಜನರ ನಡುವೆ ಗುಬ್ಬಿ ಒಬ್ಬಳೇ. ಹದಿನೈದನೆಯ ಕುರ್ಚಿಯ ಚೀಲ ಬೆರೆಸಿ ತಂದು ಹೊತ್ತಾಗಿತ್ತು, ಇನ್ನು ತಡ ಮಾಡಿದರೆ ಎಸೆಯಬೇಕಾಗುತ್ತಿತ್ತು. ಅವಳು ಏರಿಸಿದಳು. ಮೂರನೆಯ ಕುರ್ಚಿಯವನು ಬದುಕಿಕೊಂಡ. ಹದಿನೈದನೆಯವಳು ಸಂಜೆ ಸುಖವಾಗಿ ಮನೆಗೆ ಹೋದಳು. ಏನೂ ಆಗಲಿಲ್ಲ. ಆದರೆ ಗುಬ್ಬಿಗೆ ಮನೆ ತಲುಪಿದ ಮೇಲೆ, ಚೀಲದ ಮೇಲಿನ ಹೆಸರು ಓದಿದೆನೋ ಇಲ್ಲವೋ ಎಂಬುದೇ ನೆನಪಾಗಲಿಲ್ಲ.

ವಾರ ಕಳೆದರೂ ಅದು ಅವಳನ್ನು ಬಿಡಲಿಲ್ಲ. ದೊಡ್ಡಕ್ಕ ಹಾಳೆ ತೆಗೆದು ತೋರಿಸಿದಳು: ಚೀಲದ ಚೀಟಿ ಇಲ್ಲೇ ಅಂಟಿಸಿದ್ದೀಯ, ಹೆಸರೂ ಸರಿ, ಔಷಧವೂ ಸರಿ. ಗುಬ್ಬಿ ತಲೆಯಾಡಿಸಿದಳು, ಆದರೆ ಔಷಧ ಸರಿಯಿದ್ದದ್ದು ತನ್ನಿಂದಲ್ಲ, ಅದೃಷ್ಟದಿಂದ ಎಂದಳು. ಮನೆಯಲ್ಲಿ ಗ್ಯಾಸು ಆರಿಸಿದ್ದನ್ನು ನಾಲ್ಕು ಸಲ ಎದ್ದು ನೋಡುತ್ತೇನೆ, ಬೀದಿಗೆ ಬಂದವಳು ಬಾಗಿಲು ಹಾಕಿದ್ದೇನೋ ಇಲ್ಲವೋ ಎಂದು ವಾಪಸು ಹೋಗುತ್ತೇನೆ, ಅಮ್ಮ ಬೈಯುತ್ತಾಳೆ ಎಂದಳು. ಹೇಳುವಾಗ ಅವಳ ಕೈ ನಡುಗುತ್ತಿತ್ತು.

“ಸಲಹೆ ಕೊಡೋರ ಹತ್ರ ಹೋಗು,” ಎಂದಳು ದೊಡ್ಡಕ್ಕ. “ಅಲ್ಲಿ ಹೇಳಿದ್ದು ಅಲ್ಲೇ ಇರುತ್ತೆ. ನಾನೇ ಹೇಳ್ಕೊಂಡು ಬಂದಿದೀನಿ.”

ಗುಬ್ಬಿ ಹೋದಳು. ಮೂರು ಸಲ ಹೋದಳು. ಸ್ವಲ್ಪ ಗೆಲುವಾದಂತೆಯೂ ಕಂಡಳು.

ಗುತ್ತಿಗೆ ನವೀಕರಿಸುವ ದಿನ ಅವಳಿಗೊಂದು ಲಕೋಟೆ ಬಂತು. ‘ತಮ್ಮ ಮಾನಸಿಕ ಆರೋಗ್ಯದ ಹಿತದೃಷ್ಟಿಯಿಂದ’ ಗುತ್ತಿಗೆಯನ್ನು ಮುಂದುವರಿಸಲಾಗುವುದಿಲ್ಲ, ತಮ್ಮ ಮುಂದಿನ ಬದುಕು ಶುಭವಾಗಲಿ ಎಂದಿತ್ತು. ದೊಡ್ಡಕ್ಕ ಒಬ್ಬರ ಕೈಗೆ ಸೂಜಿ ಹಾಕಿ ಪಟ್ಟಿ ಸುತ್ತುತ್ತಿದ್ದಾಗ ಗುಬ್ಬಿ ಎದುರಿಗೆ ಬಂದು ನಿಂತಳು. ಸುತ್ತಿ ಮುಗಿಸುವ ತನಕ ಕಾದು, ಕಾಗದವನ್ನು ಕೈಗೆ ಕೊಟ್ಟಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕಣ್ಣಲ್ಲಿ ನೀರೂ ಇರಲಿಲ್ಲ.

“ನೀವು ಹೇಳಿದ್ರಿ ಅಂತ ಹೋದೆ, ಅಕ್ಕ,” ಎಂದಳು.

ಅಷ್ಟೇ. ತನ್ನ ನಾಲ್ಕು ಕುರ್ಚಿಗಳ ಡ್ರಿಪ್ ಮುಗಿಯುವ ತನಕ ಇದ್ದು, ಎಲ್ಲವನ್ನೂ ಬಿಡಿಸಿ, ಹಾಳೆ ಬರೆದು, ಹೋದಳು.

ದೊಡ್ಡಕ್ಕ ಮೊದಲು ಹೋದದ್ದು ಸಲಹೆಗಾರ್ತಿಯ ಬಳಿಗೆ. ಆಕೆ ತಲೆ ತಗ್ಗಿಸಿಕೊಂಡು, ಪ್ರತಿಯೊಬ್ಬರೂ ಸಹಿ ಮಾಡಿಕೊಟ್ಟ ಮೊದಲ ಹಾಳೆಯನ್ನು ಮುಂದಿಟ್ಟಳು. ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ರೋಗಿಗಳ ಸುರಕ್ಷತೆಗೆ ಧಕ್ಕೆ ತರಬಹುದಾದ ವಿಷಯಗಳನ್ನು ಆಡಳಿತಕ್ಕೆ ತಿಳಿಸಲಾಗುವುದು ಎಂದಿತ್ತು. ನಾನು ಬರೆಯದೆ ಬಿಡುವ ಹಾಗಿರಲಿಲ್ಲ ಎಂದಳು. ಬರೆದದ್ದು ಕೆಲಸದ ಹೊರೆಯ ಬಗ್ಗೆ, ಆ ಹುಡುಗಿಯ ಮೇಲಲ್ಲ, ಅವರು ಹೀಗೆ ಓದಿಕೊಳ್ಳುತ್ತಾರೆ ಅಂದುಕೊಂಡಿರಲಿಲ್ಲ ಎಂದಳು. ಆಕೆಯ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. ದೊಡ್ಡಕ್ಕ ಬೈಯಬೇಕೆಂದು ಹೋದವಳು, ಬೈಯದೆ ಎದ್ದು ಬಂದಳು.

ಆಡಳಿತಾಧಿಕಾರಿ ಅವಳನ್ನು ಕೂರಿಸಿ, ತಾವೇ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟರು. ಜೋರಾಗಿ ಮಾತಾಡುವ ಮನುಷ್ಯರಲ್ಲ ಅವರು. ದೊಡ್ಡಕ್ಕ ನೀರು ಮುಟ್ಟದೆ, ಆ ಹಾಳೆಯ ಎರಡನೆಯ ಸಹಿ ನನ್ನದು ಎಂದಳು.

“ನಂಗೊತ್ತು ದೊಡ್ಡಕ್ಕ,” ಎಂದರು ಅವರು. “ಹಾಳೆ ನೋಡಿದೀನಿ.”

“ಹಾಗಾದ್ರೆ ನನ್ನನ್ನೂ ತೆಗೀಬೇಕಿತ್ತಲ್ಲ.”

“ನಿಮ್ಮನ್ನ ತೆಗೆದ್ರೆ ವಾರ್ಡ್ ನಡೆಸೋರು ಯಾರು? ಬರೋ ತಿಂಗಳು ತಪಾಸಣೆಯವರು ಬರ್ತಾರೆ. ಆ ಹುಡುಗಿ ಒಳ್ಳೇದಕ್ಕೇ ಮಾಡಿರೋದು. ಇಲ್ಲಿದ್ದಿದ್ರೆ ಅವಳೂ ಒಂದಿನ ಮೆಟ್ಲ ಮೇಲೆ ಕೂತ್ಬಿಡ್ತಿದ್ಲು.”

ಆ ಮಾತಿನಲ್ಲಿ ಅರ್ಧ ನಿಜವಿತ್ತು. ದೊಡ್ಡಕ್ಕ ಲೋಟದ ನೀರನ್ನು ಹಾಗೇ ಬಿಟ್ಟು ಎದ್ದಳು.

ಮನೆಯಲ್ಲಿ ಗಂಡ ತರಕಾರಿ ಹೆಚ್ಚುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಎಲ್ಲವನ್ನೂ ಕೇಳಿ, ಬಿಟ್ಟುಬಿಡೋ ಯೋಚನೆ ಇದೆಯೇನು ಎಂದ. ಇಪ್ಪತ್ತೆರಡು ಕುರ್ಚಿ ಇದೆಯಲ್ಲ ಎಂದಳು ಅವಳು, ಇಬ್ಬರೇ ಉಳಿದಿದ್ದೇವೆ, ನಾನು ಬಿಟ್ಟರೆ ಅವುಗಳ ಗತಿ ಏನು.

“ನಾನೂ ಹಂಗೇ ಅಂದ್ಕೊಂಡಿದ್ದೆ ಕಣೆ, ನಾನಿಳಿದ್ರೆ ಆ ರೂಟೇ ನಿಂತೋಗತ್ತೆ ಅಂತ. ನಾನು ರಿಟೈರಾದ ಮಾರನೇ ದಿನ ಬಸ್ಸು ಐದು ನಿಮಿಷ ಮುಂಚೇನೇ ಬಂತಂತೆ.”

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಬಸ್ಸು ತಡವಾದರೆ ಯಾರೂ ಸಾಯಲ್ಲ ರೀ ಎಂದು ಒಳಗೆ ಹೋದಳು.

ಆ ತಿಂಗಳು ದೊಡ್ಡಕ್ಕ ಒಂದು ತೀರ್ಮಾನಕ್ಕೆ ಬಂದಳು. ತಪಾಸಣೆಯವರ ಮುಂದೆ ಸಿಬ್ಬಂದಿಯ ಪರವಾಗಿ ಮಾತಾಡುವವಳು ಹಸಿರು ಬಿಲ್ಲೆಯ ತಾನೇ. ಅಲ್ಲಿ ಎಲ್ಲವನ್ನೂ ಹೇಳಿಬಿಡುವುದು. ಕೆಲಸ ಹೋದರೆ ಹೋಗಲಿ. ತನ್ನನ್ನು ತೆಗೆದರೆ ಗುಬ್ಬಿಯ ಮುಖವನ್ನಾದರೂ ನೆಟ್ಟಗೆ ನೋಡಬಹುದು.

ಮೂವರು ಬಂದರು. ಮುಖ್ಯಸ್ಥೆ ಬೆಳ್ಳಿಕೂದಲಿನ ಹಿರಿಯ ಡಾಕ್ಟರು. ಸಭೆಯ ಕೋಣೆಯ ಉದ್ದನೆ ಮೇಜಿನ ಒಂದು ತುದಿಗೆ ಆಡಳಿತಾಧಿಕಾರಿ, ಇನ್ನೊಂದು ತುದಿಗೆ ದೊಡ್ಡಕ್ಕ. ಯೋಜನೆಯಿಂದ ನಿಮಗೇನು ಅನುಕೂಲವಾಗಿದೆ ಎಂದು ಆಕೆ ಕೇಳಿದರು. ದೊಡ್ಡಕ್ಕ ಒಂದೊಂದಾಗಿ ಹೇಳಿದಳು. ಆರು ಜನರ ಜಾಗದಲ್ಲಿ ಇಬ್ಬರು. ಫಲ ಸಿಗದ ಮೂರು ಪತ್ರ. ಮಹಡಿ ಇಳಿದು ಬೀಗದ ಕೈ ತಂದು ಅಳಬೇಕಾದ ಕೋಣೆ. ಏಳು ತಿಂಗಳಿಂದ ಎರಡನೆಯ ಅಂಕಣದಲ್ಲಿ ಕಣ್ಣಿಂದ ನೋಡದೆ ತಾನು ಹಾಕಿದ ಸಹಿಗಳು. ನಿಜ ಹೇಳಿಕೊಂಡದ್ದಕ್ಕೆ ಕೆಲಸ ಕಳೆದುಕೊಂಡ ಹುಡುಗಿ, ಅವಳನ್ನು ಹೋಗು ಎಂದು ಕಳಿಸಿದ ತಾನು.

“ತಪ್ಪು ಇಬ್ಬರದೂ ಇತ್ತು. ಹೇಳ್ಕೊಂಡೋಳು ಹೋದ್ಲು. ಹೇಳದೇ ಇದ್ದೋಳು ನಿಮ್ಮ ಮುಂದೆ ಬಿಲ್ಲೆ ಹಾಕ್ಕೊಂಡು ಕೂತಿದೀನಿ,” ಎಂದು ಮುಗಿಸಿದಳು.

ಹಿರಿಯ ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು, ಬಹಳ ಧನ್ಯವಾದ ಎಂದರು, ಬರೆದುಕೊಂಡರು. ಆಡಳಿತಾಧಿಕಾರಿಯ ಮುಖ ಸುಣ್ಣ ಬಳಿದಂತಾಗಿತ್ತು. ದೊಡ್ಡಕ್ಕ ವಾರ್ಡಿಗೆ ವಾಪಸು ಬಂದಾಗ ಅವಳಿಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಸಿದಿತ್ತು. ಆ ವಾರವೇ ಅವಳು ಬೀರುವಿನಲ್ಲಿದ್ದ ತನ್ನ ಹಳೆಯ ಚಪ್ಪಲಿ, ಬಾಚಣಿಗೆ, ಊಟದ ಡಬ್ಬಿಗಳನ್ನೆಲ್ಲ ಮನೆಗೆ ಸಾಗಿಸಿದಳು.

ಮೂರು ವಾರದ ಮೇಲೆ ವರದಿ ಬಂತು. ಆಡಳಿತಾಧಿಕಾರಿ ತಾವೇ ಮಹಡಿ ಹತ್ತಿ ಬಂದು, ರೋಗಿಗಳೆದುರಿಗೇ ಅವಳ ಕೈ ಕುಲುಕಿದರು. ಹಳದಿ ಗೆರೆ ಎಳೆದ ಸಾಲುಗಳನ್ನು ಬೆರಳಿಟ್ಟು ತೋರಿಸಿದರು. ‘ಹಿರಿಯ ಸಿಬ್ಬಂದಿ ತಮ್ಮ ಲೋಪಗಳನ್ನೂ ಆಡಳಿತದ ಸಮ್ಮುಖದಲ್ಲೇ ನಿರ್ಭಯವಾಗಿ ಹೇಳಿಕೊಳ್ಳುವಂಥ ಮುಕ್ತ ವಾತಾವರಣ ಈ ಸಂಸ್ಥೆಯಲ್ಲಿರುವುದು ಪ್ರಶಂಸನೀಯ. ಇದು ಇತರ ಆಸ್ಪತ್ರೆಗಳಿಗೆ ಮಾದರಿ.’ ಸಿಬ್ಬಂದಿಯ ಸಂಖ್ಯೆಯ ಬಗ್ಗೆ ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ಅನುಕೂಲ ನೋಡಿಕೊಂಡು ಪರಿಶೀಲಿಸಬಹುದು.

ಗುಬ್ಬಿಯ ವಿಷಯ ಏನಾಯಿತು ಎಂದು ಅವಳು ಕೇಳಿದಳು. ಅದು ಗುತ್ತಿಗೆ ಮುಗಿದ ವಿಷಯ, ತಪಾಸಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಸಂತೋಷಪಟ್ಟಿದ್ದರು. ದೊಡ್ಡಕ್ಕನಿಗೆ ಆ ಸಂತೋಷವೇ ಕೆನ್ನೆಗೆ ಬಾರಿಸಿದಂತಾಯಿತು.

ಮುಂದಿನ ಭಾನುವಾರ ಅವಳು ಎರಡು ಬಸ್ಸು ಬದಲಿಸಿ ಊರಿನ ಆ ತುದಿಗೆ ಹೋದಳು. ಬಟ್ಟೆ ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಗುಬ್ಬಿಯ ತಾಯಿ ಬಾಗಿಲು ತೆರೆದು, ಇವಳೇ ದೊಡ್ಡಕ್ಕ ಎಂದು ತಿಳಿದದ್ದೇ ಕೈ ಹಿಡಿದು ಒಳಗೆ ಕರೆದಳು. ಮಗಳು ತಾನಾಗೇ ಕೆಲಸ ಬಿಟ್ಟಳೆಂದು ಆಕೆ ತಿಳಿದಿದ್ದಳು. ಎಷ್ಟು ಚೆನ್ನಾಗಿ ನೋಡಿಕೊಂಡಿರಿ ನೀವು, ಇವಳೇ ಹಟ ಮಾಡಿ ಬಿಟ್ಟುಬಂದಳು, ಬುದ್ಧಿ ಹೇಳಿ ಎಂದಳು. ದೊಡ್ಡಕ್ಕನಿಗೆ ಕೂತ ಕುರ್ಚಿ ಮುಳ್ಳಾಯಿತು. ಗುಬ್ಬಿ ತಾಯಿಯನ್ನು ಚಹಾ ಮಾಡಲು ಕಳಿಸಿದಳು.

ಈಗ ಒಂದು ಚರ್ಮದ ಕ್ಲಿನಿಕ್ಕಿನಲ್ಲಿದ್ದೇನೆ ಎಂದಳು. ಯಂತ್ರ ಹಿಡಿದು ಹೆಂಗಸರ ಮುಖದ ಕೂದಲು ತೆಗೆಯುವ ಕೆಲಸ. ಬರುವವರೆಲ್ಲ ಆರೋಗ್ಯವಾಗಿರುತ್ತಾರೆ, ಚುರುಕ್ಕೆಂದರೆ ಬೈಯುತ್ತಾರೆ, ಮುಗಿದ ಮೇಲೆ ಕನ್ನಡಿ ನೋಡಿಕೊಂಡು ಹೋಗುತ್ತಾರೆ. ಮೈ ಸ್ವಲ್ಪ ತುಂಬಿಕೊಂಡಿತ್ತು. ಮಾತಿನಲ್ಲೆಲ್ಲೂ ಅವಳು ಅಕ್ಕ ಎನ್ನಲಿಲ್ಲ. ಸಿಸ್ಟರ್ ಎನ್ನುತ್ತಿದ್ದಳು.

“ನಿದ್ದೆ ಬರುತ್ತಾ?” ಎಂದು ಕೇಳಿದಳು ದೊಡ್ಡಕ್ಕ.

“ಚೆನ್ನಾಗಿ ಬರುತ್ತೆ ಸಿಸ್ಟರ್. ಅದೇ ನಂಗೆ ಸಹಿಸೋಕಾಗಲ್ಲ.”

ದೊಡ್ಡಕ್ಕ ತಪಾಸಣೆಯ ದಿನದ ಸಂಗತಿ ಹೇಳಿದಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಆ ಸಂಗತಿಯೊಳಗೇ ಹೂತುಹೋದವು. ಗುಬ್ಬಿ ಗೋಡೆ ನೋಡುತ್ತ ಕೇಳಿಸಿಕೊಂಡಳು.

“ಹೇಳಿದ್ಮೇಲೆ ಏನ್ಮಾಡಿದ್ರು ನಿಮಗೆ?”

“ಹೊಗಳಿದ್ರು,” ಎಂದಳು ದೊಡ್ಡಕ್ಕ.

ಗುಬ್ಬಿ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಬಿಟ್ಟು, ಆಮೇಲೆ ಹೊಟ್ಟೆ ಹಿಡಿದುಕೊಂಡು. ತಾಯಿ ಅಡುಗೆಮನೆಯಿಂದ ಇಣುಕಿ, ಮಗಳು ನಗುತ್ತಿರುವುದು ಕಂಡು ತಾನೂ ನಕ್ಕು ಒಳಗೆ ಹೋದಳು. ದೊಡ್ಡಕ್ಕನಿಗೆ ಆ ನಗು ನೋಡಲಾಗಲಿಲ್ಲ, ಕಣ್ಣು ತೆಗೆಯಲೂ ಆಗಲಿಲ್ಲ.

ನಗು ನಿಂತ ಮೇಲೆ ಗುಬ್ಬಿ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು. “ನಿಮ್ಮನ್ನ ಬೈಬೇಕು ಅಂತ ಎಷ್ಟೋ ದಿನ ಅಂದ್ಕೊಂಡೆ. ನೀವು ಮೋಸ ಮಾಡಿದ್ರೆ ಬೈಬೋದಿತ್ತು. ನೀವು ನಂಬ್ಕೊಂಡಿದ್ರಿ. ನಂಬ್ಕೊಂಡೋರನ್ನ ಏನಂತ ಬೈಯೋದು?”

ಚಹಾ ಬಂತು, ಕುಡಿದರು. ತಾಯಿ ಇಸ್ತ್ರಿ ಅಂಗಡಿಯ ಹೊಗೆ, ಮನೆ ಬಾಡಿಗೆ, ಮೊಣಕಾಲು ನೋವು ಎಲ್ಲವನ್ನೂ ಹೇಳಿದಳು. ವಾರ್ಡಿನಲ್ಲಿ ಯಾರಿದ್ದಾರೆ, ಯಾರು ಹೋದರು ಎಂದು ಗುಬ್ಬಿ ಕೇಳಬಹುದೆಂದು ದೊಡ್ಡಕ್ಕ ಕಾದಳು. ಹದಿನೈದನೆಯ ಕುರ್ಚಿಯವಳು ಪೂರ್ತಿ ಗುಣವಾಗಿ ಹೋದಳೆಂಬ ಸುದ್ದಿಯನ್ನು ಬಾಯಲ್ಲೇ ಇಟ್ಟುಕೊಂಡಿದ್ದಳು. ಗುಬ್ಬಿ ಕೇಳಲಿಲ್ಲ. ತಾನಾಗೇ ಹೇಳಲು ದೊಡ್ಡಕ್ಕನಿಗೆ ಬಾಯಿ ಬರಲಿಲ್ಲ. ಅಂಥ ಸುದ್ದಿ ಕೇಳದೆ ಇರುವುದಕ್ಕಾಗಿಯೇ ಗುಬ್ಬಿ ಆ ಕ್ಲಿನಿಕ್ಕಿನ ಕೆಲಸ ಹಿಡಿದಿರಬಹುದು ಅನಿಸಿತು.

ಬಸ್ ನಿಲ್ದಾಣದ ತನಕ ಗುಬ್ಬಿ ಬಂದಳು. ಬಿಸಿಲು ಚುರುಗುಟ್ಟುತ್ತಿತ್ತು. ಇಬ್ಬರೂ ಒಂದು ಮುಚ್ಚಿದ ಅಂಗಡಿಯ ನೆರಳಿಗೆ ನಿಂತರು. ಬಸ್ಸು ದೂರದಲ್ಲಿ ಕಂಡಾಗ ದೊಡ್ಡಕ್ಕ, ಮುಂದಿನ ತಿಂಗಳು ಇನ್ನೊಮ್ಮೆ ಬರಲಾ ಎಂದು ಕೇಳಿದಳು.

ಗುಬ್ಬಿ ಸ್ವಲ್ಪ ಯೋಚಿಸಿದಳು. ಮುಖದಲ್ಲಿ ಬಿಗುವೇನೂ ಇರಲಿಲ್ಲ.

“ಬೇಡ ಸಿಸ್ಟರ್,” ಎಂದಳು. “ನಿಮ್ಮನ್ನ ನೋಡಿದ್ರೆ ಕೈ ಮತ್ತೆ ನಡುಗುತ್ತೆ.”

ಬಸ್ಸು ಬಂದು ನಿಂತಿತು. ದೊಡ್ಡಕ್ಕ ಹತ್ತಿ, ಗುಬ್ಬಿ ನಿಂತಿದ್ದ ಬದಿಯ ಕಿಟಕಿಯ ಪಕ್ಕ ಸೀಟು ಖಾಲಿಯಿದ್ದರೂ ಅಲ್ಲಿ ಕೂರದೆ, ಕಂಬಿ ಹಿಡಿದು ನಿಂತೇ ಹೋದಳು.